ಸೊಂಟ ಮುರಿದವರಿಗೆ ಸೂಜಿ: ಎಲ್ಲಿಗೆ, ಯಾವಾಗ?

ತಮಿಳುನಾಡಿನ ಓಮಲೂರಿನ ಸುತ್ತಮುತ್ತ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ ಮುದುಕಿಯನ್ನು ಸಾಮಾನ್ಯವಾಗಿ ಸೇಲಂಗೆ ಕರೆದೊಯ್ಯುತ್ತಾರೆ. ಮುರಿದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿರುತ್ತದೆ. ಸುಮ್ಮನೆ ಮಲಗಿದ್ದರೆ ನೋವು ಹೇಗೋ ತಡೆಯಬಹುದು. ಸ್ಟ್ರೆಚರ್‌ನಿಂದ ಎಕ್ಸ್‌ರೇ ಮೇಜಿಗೆ ಎತ್ತುವಾಗ, ಬೆಡ್‌ಪ್ಯಾನ್ ಇಡುವಾಗ ಜೀವ ಹೋದಂತಾಗುತ್ತದೆ. ರಕ್ತಪರೀಕ್ಷೆ, ಎಕೋ, ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ಇಳಿಯುವುದು ಎಂದು ಆಪರೇಷನ್ನು ಒಂದೆರಡು ದಿನ ಮುಂದಕ್ಕೆ ಹೋಗುವುದೂ ಉಂಟು.

ಹಿಂದೆ ಈ ಹೊತ್ತನ್ನು ಕಳೆಯಲು ಇದ್ದದ್ದು ಕಾಲಿಗೆ ಕಟ್ಟಿದ ತೂಕ ಮತ್ತು ಮಾರ್ಫಿನ್‌ನಂಥ ಚುಚ್ಚುಮದ್ದು. ವಯಸ್ಸಾದವರಿಗೆ ಮಾರ್ಫಿನ್ ಕೊಟ್ಟರೆ ಮಂಪರು, ಮಲಬದ್ಧತೆ, ಕೆಲವೊಮ್ಮೆ ಬಡಬಡಿಕೆ.

ನೋವಿನ ಸುದ್ದಿ ಒಯ್ಯುವ ನರವನ್ನೇ ಮರಗಟ್ಟಿಸುವ ಯೋಚನೆ ಹಳೆಯದು. ತೊಡೆಸಂದಿನ ಒಂದೇ ಚುಚ್ಚಿನಿಂದ ಮೂರು ನರ ಹಿಡಿಯಬಹುದೆಂದು ಅಮೆರಿಕದ ವಿನ್ನಿ 1973ರಲ್ಲಿ ಬರೆದರು. ಎಷ್ಟೋ ಸಲ ಮೂರೂ ಒಟ್ಟಿಗೆ ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. 1989ರಲ್ಲಿ ಫ್ರಾನ್ಸಿನ ಡಾಲೆನ್ಸ್ ನರವನ್ನು ಹುಡುಕುವುದನ್ನೇ ಬಿಟ್ಟರು. ಮಕ್ಕಳಲ್ಲಿ ಅವರು ತೋರಿಸಿದ ಉಪಾಯ ಇಷ್ಟು: ಸೊಂಟದ ಮುಂದಿನ ಎಲುಬಿನ ತುದಿಯಿಂದ ಜಘನದ ಮೂಳೆಯವರೆಗೆ ಗೆರೆ ಎಳೆದು, ಹೊರಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಸ್ವಲ್ಪ ಕೆಳಗೆ, ಮೊಂಡು ಸೂಜಿ ಇಳಿಸುವುದು. ಎರಡು ಪೊರೆ ದಾಟುವಾಗ ಬೆರಳಿಗೆ ಎರಡು ಸಲ ‘ಟಕ್’ ಎಂದು ಗೊತ್ತಾಗುತ್ತದೆ. ಅಲ್ಲಿ ಸುರಿದ ಮದ್ದು ಪೊರೆಯಡಿ ಹರಡಿ ನರಗಳನ್ನು ತಾನೇ ತಲುಪುತ್ತದೆ. ಇದೇ ಫ್ಯಾಸಿಯಾ ಇಲಿಯಾಕಾ ಬ್ಲಾಕ್.

2007ರಲ್ಲಿ ಕೋಪನ್‌ಹೇಗನ್ನಿನ ವೈದ್ಯರು ಸೊಂಟ ಮುರಿದ 48 ಮಂದಿಯಲ್ಲಿ ಇದನ್ನು ಮಾರ್ಫಿನ್‌ಗೆ ಹೋಲಿಸಿದರು; ಬ್ಲಾಕ್ ಗೆದ್ದಿತು. 2020ರ ಕಾಕ್ರೇನ್ ಸಮೀಕ್ಷೆ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು: ಅಲುಗಾಡುವಾಗಿನ ನೋವು ಅರ್ಧ ಗಂಟೆಯೊಳಗೇ ಇಳಿಯುತ್ತದೆ, ಬುದ್ಧಿಭ್ರಮೆ ಕಡಿಮೆ, ಎದೆಯ ಸೋಂಕೂ ಕಡಿಮೆ.

ಆ ಹೊತ್ತಿಗೆ ಅಲ್ಟ್ರಾಸೌಂಡ್ ಬಂದು ಸೂಜಿಯ ತುದಿ ಕಣ್ಣಿಗೆ ಕಾಣುವಂತಾಗಿತ್ತು. 2018ರಲ್ಲಿ ಟೊರೊಂಟೊದ ತಂಡವೊಂದು ಐವರು ರೋಗಿಗಳಲ್ಲಿ ‘ಪೆಂಗ್’ ಬ್ಲಾಕ್ ಪ್ರಯೋಗಿಸಿತು. ಗುರಿ ಕೀಲಿಗೆ ಹೋಗುವ ಸಣ್ಣ ಕವಲುಗಳು ಮಾತ್ರ. ತೊಡೆಯ ಬಲ ಬಹುಮಟ್ಟಿಗೆ ಉಳಿಯುತ್ತದೆ.

ಭಾರತದಲ್ಲಿ ಈ ಚುಚ್ಚು ಹೆಚ್ಚಾಗಿ ಬೀಳುವುದು ಆಪರೇಷನ್ ಕೋಣೆಯಲ್ಲಿ. ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಡಲು ರೋಗಿಯನ್ನು ಕೂರಿಸಬೇಕು, ಮುರಿದ ಸೊಂಟದಲ್ಲಿ ಕೂರಲಾಗದು, ಅದಕ್ಕೆ ಬ್ಲಾಕ್. ಉಪಯೋಗವಿಲ್ಲವೆಂದಲ್ಲ, ಆದರೆ ಅಷ್ಟರಲ್ಲಿ ಅತಿ ಕೆಟ್ಟ ಗಂಟೆಗಳು ಕಳೆದುಹೋಗಿರುತ್ತವೆ. ಬ್ರಿಟನ್ನಿನ ಕೆಲವೆಡೆ ತರಬೇತಾದ ನರ್ಸುಗಳೇ ತುರ್ತು ವಿಭಾಗದಲ್ಲಿ ಕೊಡುತ್ತಾರೆ.

ಇಲ್ಲಿ ಅಲ್ಟ್ರಾಸೌಂಡ್ ಯಂತ್ರಕ್ಕೆ ಇನ್ನೊಂದು ತೊಡಕೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿರಬೇಕು, ಬೇಕೆಂದಲ್ಲಿಗೆ ಒಯ್ಯುವಂತಿಲ್ಲ. ಹೆಣ್ಣು ಶಿಶುಹತ್ಯೆ ತಡೆಯಲು 1992ರಲ್ಲಿ ತೊಟ್ಟಿಲು ಮಗು ಯೋಜನೆ ಶುರುವಾದ ಸೇಲಂ ಸೀಮೆಯಲ್ಲಿ ಆ ಬಿಗಿಯನ್ನು ಅತಿಯೆನ್ನುವಂತಿಲ್ಲ. ಹಾಗಾಗಿ ಓಮಲೂರಿನಂಥ ತಾಲ್ಲೂಕು ಆಸ್ಪತ್ರೆಗೆ ಪೆಂಗ್‌ಗಿಂತ ಯಂತ್ರ ಬೇಡದ ಡಾಲೆನ್ಸರ ಹಳೆಯ ವಿಧಾನವೇ ಹತ್ತಿರದ್ದು. ಬೇಕಾದದ್ದು ಪಳಗಿದ ಕೈ, ಮಾನಿಟರ್, ಮತ್ತು ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರಿಬಿಟ್ಟರೆ ಏರಿಸಲು ಒಂದು ಬಾಟಲಿ ಲಿಪಿಡ್ ದ್ರಾವಣ.