ಲ್ಯಾಟಿನ್ ಹೆಸರುಗಳಲ್ಲಿ ಉಳಿದ ಕರಾವಳಿ: ‘ಹೋರ್ಟಸ್ ಮಲಬಾರಿಕಸ್’ನಿಂದ ಲಿನೇಯಸ್‌ವರೆಗೆ

ಪಶ್ಚಿಮ ಕರಾವಳಿಯ ಗಿಡಮರಗಳ ವೈಜ್ಞಾನಿಕ ಹೆಸರುಗಳ ಮೂಲ ಹುಡುಕಹೊರಟವರು ಬೇಗ ತಲುಪುವುದು ಕೊಚ್ಚಿಗೆ. ಅಲ್ಲಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಸುಮಾರು 740 ಸಸ್ಯಗಳ ವಿವರ ಅದರಲ್ಲಿದೆ. ಮಾಹಿತಿ ಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಚಿತ್ರಗಳ ಮೇಲೆ ಲ್ಯಾಟಿನ್ ಅಕ್ಷರಗಳ ಜತೆಗೆ ಮಲಯಾಳ, ಅರಬ್ಬೀ, ನಾಗರಿ ಲಿಪಿಗಳಲ್ಲೂ ಹೆಸರುಗಳಿವೆ. ಊರಿನವರ ಹೆಸರಿಗೆ ಇಷ್ಟು ಮರ್ಯಾದೆ ಕೊಟ್ಟ ಸಸ್ಯಗ್ರಂಥ ಆ ಕಾಲದಲ್ಲಿ ಅಪರೂಪ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ಗೆ ಆ ಮರ್ಯಾದೆ ಬೇಕಿರಲಿಲ್ಲ. ಕುಲನಾಮ, ಅಂದರೆ ವೈಜ್ಞಾನಿಕ ಹೆಸರಿನ ಮೊದಲ ಪದ, ಗ್ರೀಕ್ ಅಥವಾ ಲ್ಯಾಟಿನ್ ಮೂಲದ್ದಾಗಿರಬೇಕು, ಇಲ್ಲವೇ ವಿದ್ವಾಂಸನ ಸ್ಮರಣೆಯದ್ದಾಗಿರಬೇಕು ಎಂಬುದು ಅವನ ಪಟ್ಟು. ಹೀಗಾಗಿ 1753ರ ‘ಸ್ಪೀಶೀಸ್ ಪ್ಲಾಂಟೇರಮ್’ನಲ್ಲಿ ರೀಡನ ಚಿತ್ರಗಳನ್ನು ಹೇರಳವಾಗಿ ಆಧರಿಸಿದರೂ ಸ್ಥಳೀಯ ಹೆಸರುಗಳನ್ನು ಬಹುಮಟ್ಟಿಗೆ ಎರಡನೆಯ ಸ್ಥಾನಕ್ಕೆ ತಳ್ಳಿದ. ನಮ್ಮ ಅಳಿವೆಗಳ ಕಾಂಡ್ಲ ರೀಡನಲ್ಲಿ ‘ಕಂಡೆಲ್’. ಲಿನೇಯಸ್ ಅದನ್ನು ‘ರೈಜೋಫೋರಾ ಕಂಡೆಲ್’ ಮಾಡಿದ. ರೈಜೋಫೋರಾ ಎಂದರೆ ಬೇರು ಹೊತ್ತದ್ದು. 1834ರಲ್ಲಿ ಸಸ್ಯವಿಜ್ಞಾನಿಗಳಾದ ವೈಟ್ ಮತ್ತು ಆರ್ನಟ್ ಅದನ್ನು ಬೇರೆ ಕುಲವಾಗಿಸಿದಾಗ ‘ಕಂಡೇಲಿಯ’ ಹುಟ್ಟಿತು. ಮರದಲ್ಲೇ ಮೊಳೆತು ನೀಳವಾಗಿ ಜೋತಾಡುವ ಸಸಿಗಳ ಆ ಗಿಡ ಈಗ ‘ಕಂಡೇಲಿಯ ಕಂಡೆಲ್’, ಎರಡೂ ಪದ ಇಲ್ಲಿನವೇ.

ಪಕ್ಕದಲ್ಲೇ ಬೆಳೆಯುವ, ಎಲೆಯ ಮೇಲೆ ಉಪ್ಪಿನ ಹರಳು ಕಟ್ಟುವ ಉಪ್ಪಟಿಗೆ ಆ ಅದೃಷ್ಟ ಇಲ್ಲ. ರೀಡನ ‘ಉಪಟ’ವನ್ನು ಫ್ರೆಂಚ್ ಸಸ್ಯವಿಜ್ಞಾನಿ ಅಡಾನ್ಸನ್ 1763ರಲ್ಲಿ ಕುಲನಾಮವಾಗಿಸಿದ. ಅಷ್ಟರಲ್ಲಿ ಲಿನೇಯಸ್ ವೈದ್ಯ ಇಬ್ನ್ ಸೀನಾನ (ಲ್ಯಾಟಿನ್ನಿನಲ್ಲಿ ಅವಿಸೆನ್ನ) ನೆನಪಿಗೆ ‘ಅವಿಸೆನ್ನಿಯ’ ಎಂದಾಗಿತ್ತು. ಮೊದಲ ಹೆಸರೇ ಗೆದ್ದಿತು. ಮುರುಗಲು, ಉಪ್ಪಾಗೆಗಳ ‘ಗಾರ್ಸೀನಿಯ’ದಲ್ಲಿರುವುದೂ ಒಬ್ಬ ವೈದ್ಯನೇ, ಲಾರೆಂಟ್ ಗಾರ್ಸಿನ್.

ಹಾಲೆ ಮರದ ಕಥೆ ಇನ್ನೂ ವಿಚಿತ್ರ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ತುಳುವರು ತೊಗಟೆ ಕೆತ್ತಿ ತಂದು ಕಷಾಯ ಕುಡಿಯುವ ಪಾಲೆ ಇದು. (ವಿಷದ ಕಾಸರಕವನ್ನು ಹಾಲೆಯೆಂದು ತಿಳಿದು ಕೆತ್ತುವವರು ಈಗಲೂ ಇದ್ದಾರೆ, ಗುರುತು ಗೊತ್ತಿಲ್ಲದವರು ಆ ಸಾಹಸಕ್ಕೆ ಹೋಗಬಾರದು.) ರೀಡನ ‘ಪಾಲ’ವನ್ನು ಲಿನೇಯಸ್ 1767ರಲ್ಲಿ ‘ಎಕೈಟಿಸ್ ಸ್ಕೊಲಾರಿಸ್’ ಎಂದು ಕರೆದ. ಅದರ ಹಗುರ ಬಿಳಿ ಮರದಿಂದ ಶಾಲೆಯ ಮಕ್ಕಳಿಗೆ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ‘ಸ್ಕೊಲಾರಿಸ್’. ಆಮೇಲೆ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಎಡಿನ್‌ಬರೊದ ಪ್ರಾಧ್ಯಾಪಕ ಚಾರ್ಲ್ಸ್ ಆಲ್ಸ್ಟನ್ ಹೆಸರಿನಲ್ಲಿ ಕುಲವನ್ನು ‘ಆಲ್ಸ್ಟೋನಿಯ’ ಮಾಡಿದ. ತೊಗಟೆಯ ಮದ್ದನ್ನು ಕಂಡುಕೊಂಡವರ ಗುರುತು ಎರಡು ಪದಗಳಲ್ಲೂ ಇಲ್ಲ.

ಕನ್ನಡದ ಹಳೆಯ ‘ಪ’ಕಾರ ಮುಂದೆ ‘ಹ’ಕಾರವಾಯಿತು, ಪಾಲೆ ಹಾಲೆಯಾಯಿತು, ಪೊಂಗೆ ಹೊಂಗೆಯಾಯಿತು. ಹೀಗಾಗಿ ರೀಡನ ಪುಟಗಳಲ್ಲಿರುವ ‘ಪೊಂಗಂ’ ಕನ್ನಡಿಗರಿಗೆ ಪರಕೀಯವಲ್ಲ. ಲಿನೇಯಸ್ ಅದನ್ನು ‘ಸಿಟಿಸಸ್ ಪಿನ್ನಾಟಸ್’ ಎಂದ. ಅಡಾನ್ಸನ್‌ನ ‘ಪೊಂಗಂ’ ಮುಂದೆ ‘ಪೊಂಗಾಮಿಯ’ ಆಯಿತು. ನಡುವೆ ಕೆಲವರು ಮಿಲೆಟ್ ಎಂಬವರ ಹೆಸರಿನ ‘ಮಿಲೆಟ್ಟಿಯ’ ಕುಲಕ್ಕೆ ಸೇರಿಸಿದರು. ಇಂದು ಕ್ಯೂ ಸಸ್ಯೋದ್ಯಾನದ ಪಟ್ಟಿಯಲ್ಲಿ ಹೊಂಗೆಯ ಅಂಗೀಕೃತ ಹೆಸರು ‘ಪೊಂಗಾಮಿಯ ಪಿನ್ನಾಟ’.