ಮನುಷ್ಯರಾಶಿಯ ಇಪ್ಪತ್ತೊಂಬತ್ತು ಅಂಕಗಳು

ಮಂಗಳೂರಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಮೂಡಬಿದಿರೆಯು ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಪುಣ್ಯಕ್ಷೇತ್ರ. ಅಲ್ಲಿನ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯೂ ಉಳಿದುಬಂದಿತು. ವೀರಸೇನಾಚಾರ್ಯರು ಅದನ್ನು ಕ್ರಿ.ಶ. 816ರಲ್ಲಿ ಮುಗಿಸಿದರೆಂದು ಸಂಪಾದಕರಾದ ಡಾ. ಹೀರಾಲಾಲ ಜೈನರ ನಿರ್ಣಯ. ಆ ಓಲೆಗಳಿಗೆ ಕೈಮುಗಿದ ಶ್ರಾವಕರು ಅಸಂಖ್ಯರು. ಅವುಗಳೊಳಗಿನ ಗಣಿತವನ್ನು ಬಲ್ಲವರು ವಿರಳ. ಅದರಲ್ಲಿ ಚರ್ಚಿತವಾದ ಒಂದೇ ಒಂದು ಸಂಖ್ಯೆಯನ್ನು ಇಲ್ಲಿ ಪರಿಶೀಲಿಸೋಣ.

ಪರ್ಯಾಪ್ತ ಮನುಷ್ಯರ ರಾಶಿಯೆಂದು ಪರಂಪರೆಯಲ್ಲಿ ಬಂದ ಸಂಖ್ಯೆ ಇದು:

79,22,81,62,51,42,64,33,75,93,54,39,50,336

ಒಟ್ಟು 29 ಸ್ಥಾನಗಳು. ಎರಡನ್ನು ವರ್ಗಿಸಿದರೆ 4. ಅದರ ವರ್ಗ 16. ಮುಂದೆ 256, ಬಳಿಕ 65,536. ಹೀಗೆ ಸಾಗಿ ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದಾಗ ಈ ರಾಶಿ ದೊರೆಯುತ್ತದೆ. ಅನುಯೋಗದ್ವಾರಸೂತ್ರವು ಇದನ್ನೇ ತೊಂಬತ್ತಾರು ಬಾರಿ ಅರ್ಧಿಸಬಹುದಾದ ರಾಶಿಯೆಂದೂ ಹೇಳುತ್ತದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅದೇ ಅದರ ಅರ್ಧಚ್ಛೇದ. ಐದನೆಯ ವರ್ಗದ ಅರ್ಧಚ್ಛೇದ 32, ಆರನೆಯದರದು 64. ಗುಣಲಬ್ಧಕ್ಕೆ ಇವೆರಡರ ಮೊತ್ತವಾದ 96. ಯೂರೋಪಿನಲ್ಲಿ ಲಾಗರಿತಮ್ ಪ್ರಕಟವಾದುದು 1614ರಲ್ಲಿ. ಎರಡನ್ನು ಆಧಾರವಾಗುಳ್ಳ ಅದರ ತತ್ತ್ವವು ಧವಲೆಯಲ್ಲಿ ಅದಕ್ಕೂ ಎಂಟು ಶತಮಾನ ಮೊದಲೇ ಬಳಕೆಯಲ್ಲಿತ್ತು.

ಈ ಸಂಖ್ಯೆಗೆ ಎರಡರ ಹೊರತು ಬೇರೆ ಅವಿಭಾಜ್ಯ ಅಪವರ್ತನವಿಲ್ಲ. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಸರಿಯಾಗಿ 97. ಇದು ವರ್ಗಸಂಖ್ಯೆಯೂ ಹೌದು, ಘನಸಂಖ್ಯೆಯೂ ಹೌದು. ಓಲೆಯ ಲಿಪಿಕಾರನು ಒಂದಂಕ ತಪ್ಪಿದರೂ ತೊಂಬತ್ತಾರು ಅರ್ಧಗಳ ಕೊನೆಗೆ ಒಂದು ಉಳಿಯದು. ಹೀಗೆ ಸಂಖ್ಯೆಯ ಗುಣವೇ ಸಂಖ್ಯೆಗೆ ಕಾವಲಾಯಿತು.

ಆದರೆ ವೀರಸೇನರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಈ ಮನುಷ್ಯರಾಶಿಯು ನಾಲ್ಕು ಕೋಟಿಗಳನ್ನು ಪರಸ್ಪರ ಗುಣಿಸಿದ ರಾಶಿಗಿಂತ ಕೆಳಗಿರಬೇಕೆಂಬುದು ಸೂತ್ರದ ಮಿತಿ. ಆ ರಾಶಿ ಒಂದರ ಮುಂದೆ 28 ಸೊನ್ನೆಗಳುಳ್ಳದ್ದು. ಅದಕ್ಕೂ 29 ಸ್ಥಾನಗಳೇ. ಸ್ಥಾನಗಳು ಸಮನಾದರೂ ಪರಂಪರೆಯ ಸಂಖ್ಯೆ ಅದರ ಸುಮಾರು ಎಂಟು ಪಟ್ಟು. ಆಚಾರ್ಯರು ಈ ಭೇದವನ್ನು ಕಂಡರು. ನಲವತ್ತೈದು ಲಕ್ಷ ಯೋಜನ ವ್ಯಾಸದ ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಗಣಿಸಿ, ಇಷ್ಟು ಮಂದಿಗೆ ಅಲ್ಲಿ ಎಡೆಯಿಲ್ಲವೆಂದು ತೋರಿಸಿ, ಆ ಸಂಖ್ಯೆಯನ್ನು ಒಪ್ಪದಾದರು. ಧವಲೆಯ ಗಣಿತವನ್ನು ಕುರಿತು 1942ರಲ್ಲಿ ಬರೆದ ಲಕ್ನೋದ ಗಣಿತಜ್ಞ ಡಾ. ಅವಧೇಶ ನಾರಾಯಣ ಸಿಂಹರು ಈ ಪ್ರಸಂಗವನ್ನು ಎತ್ತಿ ತೋರಿಸಿದ್ದಾರೆ.

ಹಿರಿಯರಿಂದ ಬಂದುದೆಂಬ ಕಾರಣದಿಂದಲೇ ಒಂದು ಸಂಖ್ಯೆಯನ್ನು ಸ್ವೀಕರಿಸದೆ, ಸೂತ್ರಕ್ಕೂ ಗಣಿತಕ್ಕೂ ಒಡ್ಡಿ ನೋಡಿದ ಧೈರ್ಯ ನಮ್ಮ ಆಚಾರ್ಯರದು. ಶ್ರದ್ಧೆಗೆ ಅದರಿಂದ ಕುಂದು ಬರಲಿಲ್ಲ, ಬೆಳಕು ಬಂದಿತು. ಬಿಂಬಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ ನಮ್ಮ ಮಕ್ಕಳ ಮನಸ್ಸಿನಲ್ಲಿ ಆ ಸ್ವಾಧ್ಯಾಯಬುದ್ಧಿಯೂ ಪ್ರತಿಷ್ಠಿತವಾಗಲಿ. ಇಂದು ಸಂಜೆ ಅವರ ಕೈಗೆ ಒಂದು ಹಾಳೆ ಕೊಟ್ಟು, ಈ ಸಂಖ್ಯೆಯನ್ನು ಅರ್ಧಿಸುತ್ತ ಹೋಗಲು ಹೇಳಿ ನೋಡಿರಿ.