ಊರ ಹೆಸರು ಹೊತ್ತ ಕಡಲೆ

ಅಣ್ಣಿಗೇರಿ ಎಂದರೆ ನಮಗೆ, ಸಾಹಿತ್ಯ ಓದುವವರಿಗೆ, ಪಂಪನ ನೆನಪು. ಹೆಚ್ಚೆಂದರೆ ಅಮೃತೇಶ್ವರ ಗುಡಿ. ಬಯಲುಸೀಮೆಯ ರೈತರಿಗೆ ಅದು ಕಡಲೆ ಬೀಜದ ಹೆಸರೂ ಹೌದು. 1978ರಲ್ಲಿ ಬಿಡುಗಡೆಯಾದ ‘ಅಣ್ಣಿಗೇರಿ-1’ ದಶಕಗಳ ಕಾಲ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಬೆಳೆಯಿತು. ಹಿಂಗಾರಿ ಕಡಲೆಗೆ ನೀರು ಹಾಯಿಸುವವರು ಕಡಿಮೆ. ಎರೆಮಣ್ಣು ಹಿಡಿದಿಟ್ಟ ಹಸಿಯೇ ಆಸರೆ. ಆ ಹಸಿ ಆರಿ ನೆಲ ಬಿರಿಯುವ ಹೊತ್ತಿಗೆ, ಸುಮಾರು ನೂರು ದಿನಕ್ಕೆ, ಈ ತಳಿ ಕೊಯ್ಲಿಗೆ ಬರುತ್ತದೆ. ಇದನ್ನು ಕಾಡಿದ್ದು ಸೊರಗು ರೋಗ: ಮಣ್ಣಿನ ಶಿಲೀಂಧ್ರ ಬೇರು ಹೊಕ್ಕು ನಿಂತ ಗಿಡವನ್ನೇ ಒಣಗಿಸುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ, ಇಕ್ರಿಸ್ಯಾಟ್ ಜೊತೆಗೂಡಿ, ಡಬ್ಲ್ಯೂಆರ್-315 ಎಂಬ ತಳಿಯ ರೋಗನಿರೋಧಕ ಗುಣವನ್ನು ಇದಕ್ಕೆ ತಂದಿತು. ಉಳಿದ ಗುಣ ಕೆಡದಿರಲೆಂದು ಸಂಕರದ ಸಸಿಗಳನ್ನು ಮತ್ತೆ ಮತ್ತೆ ಅಣ್ಣಿಗೇರಿಯೊಂದಿಗೇ ಕೂಡಿಸಿತು. ಹೊಸ ತಳಿಯ ಹೆಸರು ‘ಸೂಪರ್ ಅಣ್ಣಿಗೇರಿ-1’.